ಪ್ಯಾಡಿನ ಹಿಂದಿನ ಕಪ್ಪು ಗೆರೆ: ಮೊದಲ ಗಿರಾಕಿಯ ಕಾರಿಗೆ ಕೈ ಹಚ್ಚಿದ ಅನುಭವ

ಕಾರು ಡಿಟೇಲಿಂಗ್ ಕೆಲಸವನ್ನು ನಾನು ಕಲಿತದ್ದು ಮನೆಯವರ ಕಾರುಗಳ ಮೇಲೆ. ತುಮಕೂರಿನ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಒಂದೂವರೆ ವರ್ಷದ ಅವಧಿಯಲ್ಲಿ ಅಣ್ಣನದು, ಸೋದರಮಾವನದು, ಗೆಳೆಯರದು ಎಂದು ಹನ್ನೊಂದು ಕಾರುಗಳನ್ನು ತೊಳೆದು, ಉಜ್ಜಿ, ಹೊಳಪು ತಂದು ಕೊಟ್ಟಿದ್ದೆ; ಒಂದಕ್ಕೂ ಹಣ ಪಡೆದಿರಲಿಲ್ಲ. ಹಾಗಿದ್ದೂ ನಿವೃತ್ತ ಉಪನ್ಯಾಸಕರೊಬ್ಬರು ಮಗಳ ನಿಶ್ಚಿತಾರ್ಥಕ್ಕೆ ಮೊದಲು ತಮ್ಮ ಏಳು ವರ್ಷದ ಕಡುನೀಲಿ ಡಿಜೈರ್ ಕಾರನ್ನು ಒಪ್ಪವಾಗಿ ಮಾಡಿಕೊಡಬೇಕೆಂದು ಹೇಳಿ, “ಎಷ್ಟಾಗುತ್ತಪ್ಪಾ?” ಎಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಮೂರೂವರೆ ಸಾವಿರ ರೂಪಾಯಿ ಎಂದು ಹೇಳಿಬಿಟ್ಟಿದ್ದೆ, ಅವರು ಒಪ್ಪಿಯೂ ಬಿಟ್ಟಿದ್ದರು. ಕೆಲಸಕ್ಕೆ ಇನ್ನೂ ಎಂಟು ದಿನಗಳಿದ್ದವು.

ಮೊದಲ ಎರಡು ರಾತ್ರಿ ನಿದ್ದೆ ಕೆಟ್ಟ ಮೇಲೆ, ಅಳುಕು ಯಾವ ಯಾವ ಕಾರಣಕ್ಕೆ ಬರುತ್ತಿದೆಯೆಂದು ನೋಟ್‌ಬುಕ್ಕಿನಲ್ಲಿ ಬರೆಯಲು ಕುಳಿತೆ. ನೀರಿನ ಕಲೆ ಉಳಿದೀತು, ಸೀಟಿನ ಕೊಳೆ ಹೋಗದಿದ್ದೀತು, ಸಮಯ ಸಾಲದೆ ಹೋದೀತು, ಬಣ್ಣ ಸವೆದುಹೋದೀತು, ಗಾಡಿ ನೋಡಿ ಮೇಷ್ಟ್ರು ಮುಖ ಸಪ್ಪಗೆ ಮಾಡಿಕೊಂಡಾರು. ಬರೆದದ್ದನ್ನು ಮತ್ತೆ ಓದಿದಾಗ ಒಂದು ವಿಷಯ ಸ್ಪಷ್ಟವಾಯಿತು. ಇವುಗಳಲ್ಲಿ ಹೆಚ್ಚಿನವು ಮತ್ತೊಮ್ಮೆ ಮಾಡಿ ಸರಿಪಡಿಸಬಹುದಾದ ತಪ್ಪುಗಳು. ನೀರಿನ ಕಲೆ ಉಳಿದರೆ ಇನ್ನೊಮ್ಮೆ ಒರೆಸಬಹುದು, ಸೀಟನ್ನು ಇನ್ನೊಮ್ಮೆ ತಿಕ್ಕಬಹುದು. ಬಣ್ಣ ಸವೆಯುವುದು ಮಾತ್ರ ಹಾಗಲ್ಲ. ಕಂಪನಿಯಿಂದ ಬರುವ ಕಾರಿನ ಮೇಲೆ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಕಾಗದದ ಹಾಳೆಯಷ್ಟು. ಅದರಲ್ಲಿ ನಾವು ಪಾಲಿಷ್ ಮಾಡುವ ಕ್ಲಿಯರ್ ಕೋಟಿನ ಪಾಲು ಸುಮಾರು 40 ಮೈಕ್ರಾನ್, ತಲೆಗೂದಲಿಗಿಂತ ತೆಳುವು. ಗೀರು ತೆಗೆಯುವುದೆಂದರೆ ಆ ಪದರವನ್ನು ಗೀರಿನ ಮಟ್ಟಕ್ಕೆ ತರುವುದೇ ಆಗಿರುವುದರಿಂದ, ತೆಗೆದದ್ದನ್ನು ಯಾರೂ ಮರಳಿ ಇಡಲಾರರು. ಈ ಒಂದು ಭಯ ಸರಿಯಾದ ಭಯವೆಂದು ನಾನು ಒಪ್ಪಿಕೊಂಡೆ. ಉಳಿದವನ್ನು ತಯಾರಿಯಿಂದ ಕಳೆಯುವುದು, ಇದೊಂದನ್ನು ಕಳೆಯದೆ ಜೊತೆಗಿಟ್ಟುಕೊಳ್ಳುವುದು ಎಂದು ನಿಶ್ಚಯಿಸಿದೆ.

ಮರುದಿನ ಗುಜರಿ ಅಂಗಡಿಗೆ ಹೋಗಿ ಕಪ್ಪು ಬಣ್ಣದ ಹಳೆಯ ಬಾನೆಟ್ ಒಂದನ್ನು ಕೊಂಡುತಂದೆ. ಗಾಢ ಬಣ್ಣದ ಮೇಲೆ ಸುರುಳಿ ಗೀರುಗಳು ಚೆನ್ನಾಗಿ ಕಾಣುವುದರಿಂದ ಕಪ್ಪನ್ನೇ ಹುಡುಕಿದ್ದೆ. ಸಂಜೆಯ ಹೊತ್ತು ಮೂರು ದಿನ ಅದರ ಮೇಲೆ ಪ್ಯಾಡು ಹಾಕಿದ ಪಾಲಿಷ್ ಮೆಷೀನು ಓಡಿಸಿದೆ. ಕೊನೆಯ ದಿನ ಒಂದು ಮೂಲೆಯಲ್ಲಿ ಬೇಕೆಂದೇ ಒತ್ತಿ ಒತ್ತಿ ಉಜ್ಜಿ, ಕ್ಲಿಯರ್ ಕೋಟ್ ತೂತಾಗಿ ಪ್ಯಾಡಿಗೆ ಕಪ್ಪು ಹತ್ತುವವರೆಗೂ ಬಿಡಲಿಲ್ಲ. ಅಂಚಿನಲ್ಲಿ ಅದು ಎಷ್ಟು ಬೇಗ ಆಗುತ್ತದೆ, ಬಾನೆಟ್ಟಿನ ನಡುವಿನ ಬಯಲಿನಲ್ಲಿ ಎಷ್ಟು ಹೊತ್ತು ತಾಳಿಕೊಳ್ಳುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ, ಕತ್ತಲೆಯಲ್ಲಿ ದೊಡ್ಡದಾಗಿ ಕಾಣುತ್ತಿದ್ದ ಆ ಭಯಕ್ಕೆ ಒಂದು ಆಕಾರ ಬಂತು. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆಲ್ಲ ನಾನು ಇದನ್ನೇ ಮೊದಲು ಹೇಳುತ್ತೇನೆ: ಬಣ್ಣ ಸುಡುವುದು ಹೇಗಿರುತ್ತದೆಂದು ಗುಜರಿಯ ತಗಡಿನ ಮೇಲೆ ನೋಡಿಕೊಳ್ಳಿ.

ನಾಲ್ಕನೆಯ ದಿನ ಅಣ್ಣನ ಕಾರನ್ನು ಗಿರಾಕಿಯ ಕಾರೆಂದೇ ಭಾವಿಸಿ, ತೊಳೆಯುವುದರಿಂದ ಹಿಡಿದು ಒಳಗಿನ ಮ್ಯಾಟಿನವರೆಗೆ ಪ್ರತಿ ಹಂತದ ಸಮಯವನ್ನು ಗುರುತು ಹಾಕಿಕೊಂಡೆ. ಏಳು ಗಂಟೆಯ ಕೆಲಸವೆಂದು ನಾನು ಅಂದಾಜು ಮಾಡಿದ್ದು ಹನ್ನೊಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಬೆಳಿಗ್ಗೆ ತೆಗೆದುಕೊಂಡು ಸಂಜೆ ಕೊಡುತ್ತೇನೆಂದು ಮೇಷ್ಟ್ರಿಗೆ ಹೇಳಿದ್ದೆನಾದ್ದರಿಂದ, ಆ ರಾತ್ರಿಯೇ ಫೋನು ಮಾಡಿ, “ಸರ್, ಶುಕ್ರವಾರ ಸಂಜೆ ಗಾಡಿ ಬಿಟ್ಟು ಭಾನುವಾರ ಬೆಳಿಗ್ಗೆ ತೆಗೆದುಕೊಂಡು ಹೋಗಿ, ಆತುರದಲ್ಲಿ ಮಾಡುವುದು ಬೇಡ” ಎಂದೆ. ಅವರು ಒಂದು ಮಾತೂ ಎದುರಾಡದೆ ಒಪ್ಪಿದರು. ಕೇಳುವುದಕ್ಕೆ ನಾನು ಪಟ್ಟ ಸಂಕೋಚ ಸುಮ್ಮನೆ ಪಟ್ಟದ್ದು.

ನೀರಿನ ಚಿಂತೆಯೂ ಇತ್ತು. ನಮ್ಮ ಕೊಳವೆಬಾವಿಯ ನೀರು ಗಡಸು. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ 900ರ ಆಸುಪಾಸು ತೋರಿಸುತ್ತಿತ್ತು. ಅಂಥ ನೀರು ಬಿಸಿ ತಗಡಿನ ಮೇಲೆ ಒಣಗಿದರೆ ಸುಣ್ಣದ ಬಿಳಿ ಉಂಗುರಗಳು ಬಿಟ್ಟು, ಕಡುನೀಲಿ ಬಣ್ಣದ ಮೇಲೆ ಎದ್ದು ಕಾಣುತ್ತವೆ. ಕೊನೆಯ ಜಾಲಿಸುವಿಕೆಗೆಂದು 20 ಲೀಟರಿನ ಶುದ್ಧ ನೀರಿನ ಕ್ಯಾನ್ ಎರಡನ್ನು ತರಿಸಿಟ್ಟುಕೊಂಡೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದವನು ಬಣ್ಣಕ್ಕೆ ಅಂಟಿದ ಕೊಳೆಯ ಕಣಗಳನ್ನು ಉಜ್ಜಿ ತೆಗೆಯುವ ಜೇಡಿಯಂಥ ಮುದ್ದೆಯಾದ ಕ್ಲೇ ಬಾರ್ ಒಂದರ ಬದಲು ಎರಡು, ಹನ್ನೆರಡರ ಬದಲು ಇಪ್ಪತ್ನಾಲ್ಕು ಮೈಕ್ರೋಫೈಬರ್ ಬಟ್ಟೆ ತಂದೆ.

ಶುಕ್ರವಾರ ಸಂಜೆ ಗಾಡಿ ಬಂದಾಗ ಕೀಲಿ ಇಸಿದುಕೊಳ್ಳುವ ಮೊದಲು ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಟಾರ್ಚ್ ಹಿಡಿದು ಸುತ್ತಲೂ ನೋಡಿಸಿದೆ. ಹಿಂದಿನ ಬಂಪರಿನ ಎರಡು ಗೀರುಗಳ ಮೇಲೆ ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಉಗುರಿಗೆ ಸಿಗುವ ಗೀರನ್ನು ಪಾಲಿಷಿನಿಂದ ಪೂರ್ತಿ ತೆಗೆಯಲು ಹೋಗಬಾರದು, ಮಸುಕು ಮಾಡಬಹುದಷ್ಟೆ ಎಂದು ಅವರಿಗೆ ತೋರಿಸಿಯೇ ಹೇಳಿದೆ. ಬಲಬದಿಯ ಹಿಂದಿನ ಬಾಗಿಲಿನ ಮೈ ಉಳಿದ ಬಾಗಿಲುಗಳಂತಿರದೆ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗಿತ್ತು, ಕಿಟಕಿಯ ರಬ್ಬರಿನ ಅಂಚಿಗೆ ಬಣ್ಣದ ಹನಿಗಳೂ ಹತ್ತಿದ್ದವು. ಕೇಳಿದಾಗ, “ಹೌದು, ಮೂರು ವರ್ಷದ ಹಿಂದೆ ಒಬ್ಬ ತಾಗಿಸಿದ್ದ, ಬಣ್ಣ ಹೊಡೆಸಿದ್ದೆ” ಎಂದರು. ಬಣ್ಣದ ದಪ್ಪ ಅಳೆಯುವ ಮೀಟರ್ ಆಗ ನನ್ನ ಬಳಿ ಇರಲಿಲ್ಲವಾದ್ದರಿಂದ ಆ ಬಾಗಿಲನ್ನು ಮೆಷೀನಿನಿಂದ ಮುಟ್ಟುವುದಿಲ್ಲ, ಕೈಯಿಂದಲೇ ಮಾಡುತ್ತೇನೆ ಎಂದೆ. ಎಲ್ಲದರ ಫೋಟೊ ತೆಗೆದು ಅವರಿಗೂ ಕಳಿಸಿದೆ. ಈ ಇಪ್ಪತ್ತು ನಿಮಿಷದಲ್ಲಿ ನನ್ನ ಅಳುಕಿನ ಅರ್ಧಭಾಗ ಇಳಿಯಿತೆಂದರೆ ಉತ್ಪ್ರೇಕ್ಷೆಯಾಗದು, ಏಕೆಂದರೆ ಕಾರು ಹೇಗಿತ್ತು, ಹೇಗಾಗಬಲ್ಲದು ಎಂಬುದು ಈಗ ಇಬ್ಬರಿಗೂ ಒಂದೇ ಆಗಿ ಗೊತ್ತಿತ್ತು.

ಶನಿವಾರ ಬೆಳಗಿನ ಆರು ಗಂಟೆಗೆ ಶೆಡ್ಡಿನ ಬಾಗಿಲು ತೆಗೆದಾಗ ಕೈ ನಡುಗುತ್ತಿತ್ತು. ಆದ್ದರಿಂದ ಚಕ್ರಗಳಿಂದ ಆರಂಭಿಸಿದೆ. ಚಕ್ರ ಹೇಗೂ ಮೊದಲೇ ತೊಳೆಯಬೇಕಾದದ್ದು, ಅಲ್ಲಿ ಬ್ರಶ್ಶು ಹಿಡಿದು ಮೈಬಗ್ಗಿಸಿ ದುಡಿಯಬೇಕು, ತಪ್ಪಿದರೂ ಕೆಡುವುದು ಏನೂ ಇಲ್ಲ. ನಾಲ್ಕು ಚಕ್ರ ಮುಗಿಯುವ ಹೊತ್ತಿಗೆ ಉಸಿರು ಹದಕ್ಕೆ ಬಂದಿತ್ತು. ನೊರೆ ಹೊಡೆದು, ಶಾಂಪೂವಿಗೊಂದು, ಕೊಳೆ ಜಾಲಿಸುವುದಕ್ಕೊಂದು ಎಂದು ಎರಡು ಬಕೆಟ್ ಇಟ್ಟುಕೊಂಡು ಮೇಲಿನಿಂದ ಕೆಳಕ್ಕೆ ತೊಳೆದೆ. ಕ್ಲೇ ಉಜ್ಜುವಾಗ ಬೆರಳು ಜಾರಿ ಅದು ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದ ಕ್ಲೇಗೆ ಮರಳಿನ ಕಣ ಅಂಟಿಕೊಂಡಿರುತ್ತದೆ, ಅದನ್ನು ಮತ್ತೆ ಬಳಸುವುದೆಂದರೆ ಕಾರಿಗೆ ಉಪ್ಪುಕಾಗದ ತಿಕ್ಕಿದಂತೆ. ಎತ್ತಿ ಕಸದ ಬುಟ್ಟಿಗೆ ಹಾಕಿ ಎರಡನೆಯದನ್ನು ಬಿಚ್ಚಿದೆ. ಹೆಚ್ಚಿಗೆ ತಂದಿರದಿದ್ದರೆ ಆ ಕ್ಷಣದಲ್ಲಿ ನಾನು ಏನು ಮಾಡುತ್ತಿದ್ದೆನೋ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪಾಲಿಷಿಗೆ ಬರುವ ಮೊದಲು ಬಾಗಿಲಿನ ಉದ್ದದ ಗೆರೆಗಳು, ಅಂಚುಗಳು, ಕಪ್ಪು ಪ್ಲಾಸ್ಟಿಕ್ ಭಾಗಗಳ ಮೇಲೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿದೆ. ಬಾನೆಟ್ಟಿನ ಮೇಲೆ ಒಂದೂವರೆ ಅಡಿಯ ಚೌಕ ಗುರುತಿಸಿ, ಮೆತ್ತನೆಯ ಪ್ಯಾಡು ಮತ್ತು ನಯವಾದ ಪಾಲಿಷ್ ಹಾಕಿ ಪರೀಕ್ಷೆ ಮಾಡಿದೆ. ನನ್ನದು ಡ್ಯುಯಲ್ ಆ್ಯಕ್ಷನ್ ಮೆಷೀನು. ಪ್ಯಾಡು ಕಂಪಿಸುತ್ತಲೇ ತನ್ನಷ್ಟಕ್ಕೆ ತಿರುಗುತ್ತದೆ, ಜಾಸ್ತಿ ಒತ್ತಿದರೆ ತಿರುಗುವುದು ನಿಂತು ಬರೀ ಕಂಪಿಸುತ್ತದೆ. ತಿರುಗುತ್ತಿದೆಯೇ ಎಂದು ತಿಳಿಯಲು ಪ್ಯಾಡಿನ ಹಿಂದಿನ ಪ್ಲೇಟಿನ ಮೇಲೆ ಮಾರ್ಕರಿನಿಂದ ಕಪ್ಪು ಗೆರೆ ಎಳೆದಿದ್ದೆ. ಮೊದಲ ನಿಮಿಷದಲ್ಲೇ ಆ ಗೆರೆ ಒಂದೇ ಕಡೆ ನಿಂತಿದ್ದುದನ್ನು ನೋಡಿದೆ. ಗುಜರಿ ಬಾನೆಟ್ಟಿನ ಮೇಲೆ ಅದು ಒಮ್ಮೆಯೂ ಹಾಗೆ ನಿಂತಿರಲಿಲ್ಲ. ಹೆದರಿಕೆಯಿಂದ ನನಗೇ ಅರಿವಿಲ್ಲದೆ ಭುಜ ಬಿಗಿದು ಮೆಷೀನನ್ನು ತಗಡಿಗೆ ಅದುಮುತ್ತಿದ್ದೆ. ಮೆಷೀನು ಆರಿಸಿ, ಹೊರಗೆ ಹೋಗಿ ನೀರು ಕುಡಿದು, ಭುಜ ಸಡಿಲಿಸಿಕೊಂಡು ಬಂದು, ಮೆಷೀನಿನ ತೂಕಕ್ಕಿಂತ ತುಸುವೇ ಹೆಚ್ಚಿನ ಭಾರ ಬೀಳುವಂತೆ ಹಿಡಿದೆ. ಗೆರೆ ನಿಧಾನವಾಗಿ ಸುತ್ತತೊಡಗಿತು. ಆ ದಿನವೆಲ್ಲ ನಾನು ನೋಡುತ್ತಿದ್ದುದು ಆ ಗೆರೆಯನ್ನೇ. ಗೆರೆ ನಿಂತಾಗಲೆಲ್ಲ ಮನಸ್ಸು ಎಲ್ಲಿಗೋ ಹೋಗಿರುತ್ತಿತ್ತು: ಮೇಷ್ಟ್ರ ಮುಖಕ್ಕೋ, ಮೂರೂವರೆ ಸಾವಿರಕ್ಕೋ, ನಿಶ್ಚಿತಾರ್ಥದ ಮನೆಯ ಮುಂದೆ ನಿಲ್ಲುವ ಕಾರಿಗೋ. ಧೈರ್ಯ ತಂದುಕೋ ಎಂದು ನನಗೆ ನಾನೇ ಎಷ್ಟು ಹೇಳಿಕೊಂಡರೂ ಆಗದ ಉಪಕಾರ ಆ ಮಾರ್ಕರಿನ ಗೆರೆಯಿಂದ ಆಯಿತು.

ಪರೀಕ್ಷೆಯ ಚೌಕವನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ನೋಡಿದೆ. ಪಾಲಿಷಿನ ಎಣ್ಣೆಯಂಶ ಗೀರುಗಳನ್ನು ಮುಚ್ಚಿ ಸುಳ್ಳು ಹೊಳಪು ತೋರಿಸುವುದುಂಟು, ಒರೆಸಿದ ಮೇಲೆ ಉಳಿಯುವುದೇ ನಿಜವಾದದ್ದು. ಸುರುಳಿ ಗೀರುಗಳಲ್ಲಿ ಮುಕ್ಕಾಲು ಪಾಲು ಹೋಗಿದ್ದವು. ಇನ್ನೂ ಗಡಸು ಪ್ಯಾಡು ಹಾಕಿದರೆ ಉಳಿದ ಕಾಲುಪಾಲೂ ಹೋಗುತ್ತಿತ್ತೇನೋ. ಕೈ ಆ ಕಡೆಗೇ ಎಳೆಯಿತು. ಆದರೆ ಈ ಕಾರು ಇನ್ನೂ ಐದಾರು ವರ್ಷ ಓಡಬೇಕಾದದ್ದು, ಕ್ಲಿಯರ್ ಕೋಟ್ ಎಷ್ಟು ಉಳಿದಿದೆಯೆಂದು ಅಳೆಯುವ ಮೀಟರೂ ಇಲ್ಲ. ಜೊತೆಗಿಟ್ಟುಕೊಂಡಿದ್ದ ಆ ಒಂದು ಭಯ ಇಲ್ಲಿ ಕೈ ಹಿಡಿದು ನಿಲ್ಲಿಸಿತು. ಅದೇ ಪ್ಯಾಡಿನಲ್ಲಿ ಇಡೀ ಗಾಡಿ ಮುಗಿಸಿದೆ. ಬಣ್ಣವನ್ನು ಕಾಪಾಡುವ ಸೀಲಂಟ್ ಹಚ್ಚಿ, ಒಳಗಿನ ಕೆಲಸ ಮುಗಿಸುವಾಗ ರಾತ್ರಿ ಎಂಟು ದಾಟಿತ್ತು.

ಭಾನುವಾರ ಮೇಷ್ಟ್ರು ಬಂದಾಗ ಹೊಳೆಯುವ ಬಾನೆಟ್ಟಿನ ಕಡೆಗೆ ಕರೆಯದೆ, ಮೊದಲು ಹಿಂದಿನ ಬಂಪರಿನ ಎರಡು ಗೀರುಗಳನ್ನು, ಆಮೇಲೆ ಬಲಬದಿಯ ಬಾಗಿಲನ್ನು ತೋರಿಸಿ, “ಸರ್, ಇವಿಷ್ಟು ಉಳಿದಿವೆ” ಎಂದೆ. ಅವರು ಬಗ್ಗಿ ನೋಡಿ, “ಅವತ್ತೇ ಹೇಳಿದ್ದೆಯಲ್ಲಪ್ಪಾ” ಎಂದು ಮುಂದಕ್ಕೆ ಹೋಗಿ, ಬಾನೆಟ್ಟಿನಲ್ಲಿ ಕಾಣುತ್ತಿದ್ದ ತೆಂಗಿನ ಗರಿಗಳ ನೆರಳನ್ನು ಬಹಳ ಹೊತ್ತು ನೋಡಿದರು. ಹಣ ಕೊಟ್ಟು, ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿಯ ವಿಗ್ರಹವನ್ನು ಒರೆಸಿ ಮತ್ತೆ ಅದೇ ಜಾಗದಲ್ಲಿ ಇಟ್ಟದ್ದಕ್ಕೆ ಪ್ರತ್ಯೇಕವಾಗಿ ಸಂತೋಷ ಹೇಳಿದರು.

ಮೊದಲ ಸಂಪಾದನೆಗೆ ಇನ್ನಷ್ಟು ಕೂಡಿಸಿ ಕೆಲವು ತಿಂಗಳ ಬಳಿಕ ಬಣ್ಣದ ದಪ್ಪ ಅಳೆಯುವ ಮೀಟರ್ ಕೊಂಡೆ. ಗುಜರಿಯ ಬಾನೆಟ್ ಇಂದಿಗೂ ಶೆಡ್ಡಿನ ಗೋಡೆಗೆ ಒರಗಿದೆ. ಹೊಸ ಪ್ಯಾಡು, ಹೊಸ ಪಾಲಿಷ್ ಯಾವುದು ಬಂದರೂ ಮೊದಲು ಅದರ ಮೇಲೆಯೇ ಓಡಬೇಕು.