60 ದಾಟದ ರೋಡ್‌ಕಿಂಗ್

ನನ್ನ ಯೆಜ್ಡಿ ರೋಡ್‌ಕಿಂಗ್ 1984ರ ಬೈಕ್. ಅಪ್ಪ ಕೊಂಡಿದ್ದು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಹುಟ್ಟಿದ್ದು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಇನ್ನೂ ಓಡುತ್ತಿದೆ. ಹೋದ ವರ್ಷ ಅದಕ್ಕೊಂದು ವಿಚಿತ್ರ ಕಾಯಿಲೆ ಬಂತು. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ಊರೊಳಗೆ ಏನೂ ತೊಂದರೆ ಇರಲಿಲ್ಲ. ನಂಜನಗೂಡು ರಸ್ತೆಗೆ ಇಳಿದು ಪೂರ್ತಿ ಆಕ್ಸಿಲರೇಟರ್ ತಿರುಗಿಸಿದರೆ ಮಾತ್ರ, ಗಂಟೆಗೆ 60 ಕಿ.ಮೀ. ಹತ್ತಿರ ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ವೇಗ ಅಲ್ಲೇ ನಿಂತುಬಿಡುತ್ತಿತ್ತು. ನೆಟ್ಟಗಿರುವ ರೋಡ್‌ಕಿಂಗ್ 100ರ ಹತ್ತಿರ ಹೋಗುತ್ತೆ. ನನ್ನದನ್ನು ಸ್ಕೂಟರ್‌ಗಳು ಹಿಂದೆ ಹಾಕಿ ಹೋಗುತ್ತಿದ್ದವು.

ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದೆ. "ಬೋರ್ ಹೋಗಿದೆ ಸಾರ್, ಪಿಸ್ಟನ್ ಕಿಟ್ ಹಾಕಿಸಿಬಿಡಿ" ಅಂದರು. ಬೋರ್ ಅಂದರೆ ಸಿಲಿಂಡರಿನ ಒಳಗೋಡೆ, ಅದನ್ನು ಕೊರೆಸಿ ಸರಿ ಮಾಡಿಸಿ 4,000 ಕಿ.ಮೀ. ಕೂಡ ಆಗಿರಲಿಲ್ಲ. ಕಿಕ್ ಕೂಡ ಗಟ್ಟಿಯಾಗಿಯೇ ಇತ್ತು, ಅಂದರೆ ಸಿಲಿಂಡರಿನ ಒತ್ತಡ ಸೋರುತ್ತಿರಲಿಲ್ಲ. ನೋಡೋಣ ಅಂತ ಹೇಳಿ ಮನೆಗೆ ಬಂದೆ.

ಮೊದಲು ದುಡ್ಡು ಖರ್ಚಾಗದ ಪರೀಕ್ಷೆಗಳು. ಹಳೇ ಮೀಟರ್ ಸುಳ್ಳು ಹೇಳಬಹುದು ಅಲ್ವಾ? ಫೋನಿನ ಜಿಪಿಎಸ್ ಜೊತೆ ಹೋಲಿಸಿದೆ. ಮೀಟರ್ ಸರಿಯೇ ಇತ್ತು. ಸ್ಟ್ಯಾಂಡ್ ಹಾಕಿ ಎರಡೂ ಚಕ್ರ ತಿರುಗಿಸಿದೆ, ಬ್ರೇಕ್ ಹಿಡಿದುಕೊಂಡಿರಲಿಲ್ಲ. ಕ್ಲಚ್ ಜಾರಿದರೆ ಇಂಜಿನ್ ಸದ್ದು ಏರುತ್ತೆ, ವೇಗ ಏರಲ್ಲ. ಇಲ್ಲಿ ಸದ್ದೂ ಏರುತ್ತಿರಲಿಲ್ಲ. ಏರ್ ಫಿಲ್ಟರ್ ತೆಗೆದು, ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬೊರೇಟರ್ ಒಳಗೆ ಇಣುಕಿದೆ. ಆಕ್ಸಿಲರೇಟರ್ ತಿರುಗಿಸಿದಾಗ ಗಾಳಿಯ ದಾರಿ ತೆರೆಯುವ ಸ್ಲೈಡ್ ಪೂರ್ತಿ ಮೇಲೆ ಹೋಗುತ್ತಿತ್ತು. ಕೇಬಲ್ ಸಡಿಲವಾಗಿ ಸ್ಲೈಡ್ ಮುಕ್ಕಾಲಿಗೇ ನಿಂತ ಗಾಡಿಗಳನ್ನು ನೋಡಿದ್ದೇನೆ, ಅದಕ್ಕೇ ಇದನ್ನು ಬಿಡಲ್ಲ. ಕಿಡಿಯ ಸಮಯ ನಿರ್ಧರಿಸುವ ಪಾಯಿಂಟ್‌ನ ಗ್ಯಾಪ್ 0.4 ಮಿ.ಮೀ. ಇತ್ತು, ಅದೂ ಸರಿಯೇ.

ಆಮೇಲೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್. ಬೆಳಿಗ್ಗೆ ಆರಕ್ಕೆ ಮಂಡಕಳ್ಳಿ ದಾಟಿ, ಹೊಸ ಪ್ಲಗ್ ಹಾಕಿ, ಟಾಪ್ ಗೇರಿನಲ್ಲಿ ಒಂದು ಕಿಲೋಮೀಟರ್ ಪೂರ್ತಿ ಆಕ್ಸಿಲರೇಟರ್. ನಂತರ ಕ್ಲಚ್ ಹಿಡಿದು, ಆ ಕ್ಷಣದಲ್ಲೇ ಕೀ ಆಫ್ ಮಾಡಿ, ಗಾಡಿ ತಾನಾಗಿ ನಿಲ್ಲಲು ಬಿಟ್ಟೆ. ಐಡ್ಲಿಂಗ್‌ನಲ್ಲಿ ಬಿಟ್ಟರೆ ಪ್ಲಗ್‌ನ ಬಣ್ಣ ಬದಲಾಗಿಬಿಡುತ್ತೆ. ಕಾಫಿ ಬಣ್ಣ ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಮ್ಮಿ. ನನ್ನದು ಮಸಿಗಪ್ಪು.

ಇಲ್ಲೇ ನಾನು ಎಡವಿದ್ದು. ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ ಅಂದುಕೊಂಡು ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ ಅನ್ನು ಒಂದು ನಂಬರ್ ಚಿಕ್ಕದು ಹಾಕಿದೆ. ವೇಗ ಏರಲಿಲ್ಲ, ಪ್ಲಗ್ ಇನ್ನೂ ಕಪ್ಪೇ. ಎರಡು ಭಾನುವಾರ ಹಾಳು. ಒಳಗೆ ಬರುವುದರ ಬಗ್ಗೆಯೇ ಯೋಚಿಸುತ್ತಿದ್ದೆ, ಹೊರಗೆ ಹೋಗಬೇಕಾದದ್ದು ಹೋಗುತ್ತಿದೆಯಾ ಅಂತ ನೋಡಲೇ ಇಲ್ಲ. ಸುಟ್ಟ ಹೊಗೆ ಸಿಲಿಂಡರಿನಲ್ಲೇ ಉಳಿದರೆ ಹೊಸ ಗಾಳಿಗೆ ಜಾಗ ಎಲ್ಲಿ? ಆಗಲೂ ಪ್ಲಗ್ ಕಪ್ಪಾಗುತ್ತೆ.

ಈ ಗಾಡಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಎರಡರ ಹಿಂದೆಯೂ ಅಂಗೈ ಹಿಡಿದೆ. ಬಲಗಡೆ ಗಾಳಿ ಫಟ್‌ಫಟ್ ಅಂತ ಬಡಿಯುತ್ತಿತ್ತು. ಎಡಗಡೆ ಯಾರೋ ಉಸಿರು ಬಿಟ್ಟ ಹಾಗೆ. ಮೊದಲೇ ಮಾಡಬೇಕಿದ್ದ ಪರೀಕ್ಷೆ ಅದು. ಹಿಂಬದಿಯ ಬೋಲ್ಟ್ ಬಿಚ್ಚಿ, ಸೈಲೆನ್ಸರ್ ಒಳಗಿನ ತೂತು ಕೊಳವೆ ಬ್ಯಾಫಲ್ ಎಳೆದರೆ ಬರಲೊಲ್ಲದು. ಸೀಮೆಎಣ್ಣೆ ಬಿಟ್ಟು, ಮಾರನೇ ದಿನ ತಿರುಚಿ ತಿರುಚಿ ಕಿತ್ತೆ. ತೂತುಗಳೆಲ್ಲ ಟಾರು ಬಳಿದ ಹಾಗೆ ಮುಚ್ಚಿಹೋಗಿದ್ದವು. ಬಲಗಡೆಯದೂ ಅರ್ಧ ಕಟ್ಟಿತ್ತು. ಅಪ್ಪನ ಕಾಲದಿಂದಲೂ ನಮ್ಮಲ್ಲಿ ಪೆಟ್ರೋಲಿಗೆ ಬೆರೆಸುವುದು ಲೀಟರಿಗೆ 60 ಎಂಎಲ್ ಆಯಿಲ್. ಜೊತೆಗೆ ಬರೀ ಮಾರ್ಕೆಟ್‌ಗೆ ಹೋಗಿ ಬರುವ ಓಡಾಟ. ಮಸಿ ಕಟ್ಟದೆ ಇನ್ನೇನು?

ಬ್ಯಾಫಲ್‌ಗಳನ್ನು ರಾತ್ರಿಯಿಡೀ ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿದೆ. ನೀರಿಗೆ ಸೋಡಾ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು. ಗ್ಲೌಸ್, ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಭಾಗಗಳನ್ನು ಅದರ ಹತ್ತಿರವೂ ತರಬೇಡಿ, ತಿಂದುಹಾಕುತ್ತೆ. ಬೆಂಕಿಗೆ ಹಾಕಿ ಸುಡುವವರೂ ಇದ್ದಾರೆ, ನನಗೆ ಧೈರ್ಯ ಇಲ್ಲ. ಸಿಲಿಂಡರಿನ ಎಕ್ಸಾಸ್ಟ್ ಬಾಯಿಯಲ್ಲೂ ಕಾರ್ಬನ್ ಇತ್ತು. ಪಿಸ್ಟನ್ ಪೂರ್ತಿ ಮೇಲೆ ತಂದು ಬಾಯಿ ಮುಚ್ಚಿಕೊಂಡು, ಬಿದಿರಿನ ಕಡ್ಡಿಯಿಂದ ಕೆರೆದೆ. ಮಸಿ ಒಳಗೆ ಬೀಳಲ್ಲ, ಗೀರೂ ಆಗಲ್ಲ. ಬ್ಯಾಫಲ್ ತೆಗೆದೇ ಓಡಿಸು ಅಂತ ಗೆಳೆಯರು ಹೇಳಿದರು. ನನಗೆ ಒಪ್ಪಿಗೆ ಇಲ್ಲ. ಟೂ-ಸ್ಟ್ರೋಕ್ ಇಂಜಿನ್‌ಗೆ ಸೈಲೆನ್ಸರ್ ಬರೀ ಸದ್ದು ತಗ್ಗಿಸುವ ಡಬ್ಬ ಅಲ್ಲ, ಅದರ ಶಕ್ತಿಯ ಲೆಕ್ಕದಲ್ಲಿ ಅದೂ ಸೇರಿದೆ.

ಹಳೇ ಜೆಟ್ ವಾಪಸ್ ಹಾಕಿ ಹೊರಟೆ. ಗಾಡಿ 85 ಮುಟ್ಟಿತು! ಮೂರು ಕಿಲೋಮೀಟರ್. ಕಡಕೊಳ ಬರುವಷ್ಟರಲ್ಲಿ ಮತ್ತೆ ಸೊರಗಿ, ಮಿಸ್ ಹೊಡೆದು, ನಿಂತೇಹೋಯಿತು.

ಆದರೆ ಇದು ಬೇರೆ ಥರ. ಮೊದಲಿನದು ಆಕ್ಸಿಲರೇಟರ್ ಕೊಟ್ಟ ತಕ್ಷಣ ಕಾಣಿಸುತ್ತಿತ್ತು, ಇದು ಸ್ವಲ್ಪ ಹೊತ್ತಾದ ಮೇಲೆ. ತಡವಾಗಿ ಬರುವ ಕಾಯಿಲೆಗೆ ನಾನು ಮೊದಲು ಪೆಟ್ರೋಲ್ ಬರುವ ದಾರಿ ನೋಡುತ್ತೇನೆ, ಆಮೇಲೆ ಕಿಡಿಯ ಸರ್ಕ್ಯೂಟಿನಲ್ಲಿ ಬಿಸಿಯಾದಾಗ ಕೈಕೊಡುವ ಕಂಡೆನ್ಸರ್. ಟ್ಯಾಂಕ್ ಮುಚ್ಚಳ ತಿರುಗಿಸಿದೆ. ಸುಯ್ ಅಂತ ಗಾಳಿ ಒಳಗೆ ಹೋಯಿತು. ಒಂದು ನಿಮಿಷ ಬಿಟ್ಟು ಕಿಕ್ ಮಾಡಿದರೆ ಏನೂ ಆಗದವನ ಹಾಗೆ ಸ್ಟಾರ್ಟ್.

ಮನೆಯಲ್ಲಿ ಪೈಪ್ ಕಳಚಿ ಬಾಟಲಿಗೆ ಪೆಟ್ರೋಲ್ ಹಿಡಿದು ಅಳೆದೆ. ಮುಚ್ಚಳ ತೆಗೆದಾಗ ಧಾರಾಳವಾಗಿ ಸುರಿಯುತ್ತಿತ್ತು. ಹಾಕಿದಾಗ ಬರಬರುತ್ತಾ ನಿಮಿಷಕ್ಕೆ 50 ಎಂಎಲ್‌ಗೆ ಇಳಿಯಿತು. ಲೆಕ್ಕ ನೋಡಿ. 60ರಲ್ಲಿ ಲೀಟರಿಗೆ 30 ಕಿ.ಮೀ. ಕೊಟ್ಟರೆ ನಿಮಿಷಕ್ಕೆ ಸುಮಾರು 33 ಎಂಎಲ್ ಸಾಕು. 85ರಲ್ಲಿ 20 ಕಿ.ಮೀ. ಕೊಟ್ಟರೆ 70 ಎಂಎಲ್ ಬೇಕು. ಅಂದರೆ ಈ ತೊಂದರೆ ಮೊದಲಿನಿಂದಲೂ ಇತ್ತು. ಸೈಲೆನ್ಸರ್ ಕಟ್ಟಿ ಗಾಡಿ ಜೋರಾಗಿ ಓಡದೇ ಇದ್ದಿದ್ದರಿಂದ ಬಯಲಿಗೆ ಬಂದಿರಲಿಲ್ಲ.

ಕಾರಣ ನಾನೇ. ಪೆಟ್ರೋಲ್ ಸೋರುತ್ತೆ ಅಂತ ಮುಚ್ಚಳಕ್ಕೆ ಹೊಸ ರಬ್ಬರ್ ವಾಷರ್ ಕತ್ತರಿಸಿ ಹಾಕಿದ್ದೆ, ಅದು ಪೆಟ್ರೋಲ್ ಇಳಿದಂತೆ ಟ್ಯಾಂಕಿಗೆ ಗಾಳಿ ಬಿಡುವ ತೂತಿನ ಮೇಲೇ ಕೂತಿತ್ತು. ವಾಷರ್ ಒಳಗಿನ ವೃತ್ತ ದೊಡ್ಡದು ಮಾಡಿದೆ, ಕೆಲಸ ಐದು ನಿಮಿಷದ್ದು. ಈಗ ನಂಜನಗೂಡಿನವರೆಗೂ 85ರಲ್ಲೇ ಹೋಗುತ್ತೆ, ಪ್ಲಗ್ ಕಾಫಿ ಬಣ್ಣ. ಆಯಿಲ್ 40 ಎಂಎಲ್‌ಗೆ ಇಳಿಸಿದ್ದೇನೆ. ಅಪ್ಪ ಬಂಕಿಗೆ ಜೊತೆಗೆ ಬಂದರೆ ಮಾತ್ರ ಇವತ್ತಿಗೂ "ಇನ್ನೊಂದು ಸ್ವಲ್ಪ ಹಾಕೋ, ಇಂಜಿನ್‌ಗೆ ಒಳ್ಳೇದು" ಅಂತಾರೆ.