ಬಾಯಿಗೆ ಹೋದರೂ ಚಿಂತೆಯಿಲ್ಲದ ಆಟಗಳು

ಮಗಳು ಅಂಬೆಗಾಲು ಬಿಟ್ಟು ನಡೆಯಲು ಶುರುಮಾಡಿದ ದಿನಗಳಲ್ಲಿ ಕೈಗೆ ಸಿಕ್ಕಿದ್ದೆಲ್ಲ ಮೊದಲು ಬಾಯಿಗೆ ಹೋಗುತ್ತಿತ್ತು. ಆ ವಯಸ್ಸಿನಲ್ಲಿ ನಾಲಿಗೆ, ತುಟಿಗಳೂ ಕೈಗಳೇ. ಗಟ್ಟಿಯೋ ಮೆತ್ತಗೋ, ನುಣುಪೋ ತರಿಯೋ ಎಂದು ಮಗು ತಿಳಿಯುವುದು ಅಲ್ಲಿಂದಲೇ. ಹಾಗಾಗಿ ದಿನವಿಡೀ ಗದರುವುದರ ಬದಲು, ಬಾಯಿಗೆ ಹೋದರೂ ತೊಂದರೆಯಾಗದ ಸಾಮಾನನ್ನೇ ಆಟಕ್ಕೆ ಇಡುವುದು ಎಂದು ನಿರ್ಧರಿಸಿದೆ. ಮುಟ್ಟಿ, ಮೂಸಿ, ಹಿಸುಕಿ, ಸುರಿದು ಆಡುವ ಆಟಗಳಿಗೆಂದೇ ಅಂಗಡಿಯಲ್ಲಿ ದುಬಾರಿ ಪೆಟ್ಟಿಗೆಗಳು ಸಿಗುತ್ತವೆ. ನಮಗೆ ಅಡುಗೆಮನೆಯ ಡಬ್ಬಿಗಳೇ ಸಾಕಾದವು.

ಹಳೆಯ ದುಪ್ಪಟಿಯೊಂದನ್ನು ಹಾಸಿ ಮೇಲೆ ಸ್ಟೀಲ್ ಪರಾತ ಇಡುತ್ತೇನೆ. ಬೆಳಗಿನ ತಿಂಡಿಯ ನಂತರ, ಸ್ನಾನಕ್ಕೆ ಮುಂಚಿನ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಹೊಟ್ಟೆ ತುಂಬಿರುತ್ತದೆ, ಮೈ ಎಷ್ಟು ಮೆತ್ತಿಕೊಂಡರೂ ನೇರ ಬಚ್ಚಲಿಗೆ ಕರೆದೊಯ್ಯಬಹುದು.

ನಾವು ಹೆಚ್ಚು ಆಡಿದ್ದು ರಾಗಿಯಲ್ಲಿ. ಹಸಿ ಹಿಟ್ಟನ್ನು ನಾನು ಕೊಡುವುದಿಲ್ಲ. ರಾಗಿಯೇ ಇರಲಿ ಗೋಧಿಯೇ ಇರಲಿ, ಬೇಯಿಸದ ಹಿಟ್ಟಿನಲ್ಲಿ ಇ. ಕೋಲೈ, ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇರುತ್ತದೆ. ನಾನು ಇಡುವುದು ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟು. ಮೊದಲು ಎರಡು ಹಿಡಿ ಹಿಟ್ಟು, ಒಂದು ಚಹಾ ಜರಡಿ. ಹಿಟ್ಟು ಸಣ್ಣಗೆ ಉದುರುವುದನ್ನು ನೋಡುತ್ತ, ಬೆರಳಿನಲ್ಲಿ ಗೆರೆ ಎಳೆಯುತ್ತ ಅವಳು ಮೈಮರೆಯುತ್ತಿದ್ದಳು. ಆಸಕ್ತಿ ಇಳಿಯಿತು ಎನ್ನುವಾಗ ಒಂದು ಚಮಚ ನೀರು ಕೊಡುತ್ತಿದ್ದೆ. ಪುಡಿ ಉಂಡೆಯಾಗುತ್ತದೆ, ಇನ್ನಷ್ಟು ನೀರಿಗೆ ಕೆಸರಾಗುತ್ತದೆ, ಆಮೇಲೆ ಅಂಬಲಿಯಂತೆ ಹರಿಯುತ್ತದೆ. ಒಂದೇ ವಸ್ತು ಕಣ್ಣೆದುರೇ ರೂಪ ಬದಲಿಸುವುದರಲ್ಲಿಯೇ ಈ ಆಟದ ಜೀವ ಇರುವುದು. ಎಲ್ಲವನ್ನೂ ಮೊದಲೇ ಕಲಸಿ ಇಟ್ಟರೆ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ: ನೀರಿನ ಚಮಚ ಮಗುವಿನ ಕೈಯಲ್ಲೇ ಇರಬೇಕು.

ಹಿಸುಕಲು ಮೆತ್ತನೆಯ ಹಿಟ್ಟು ಬೇಕೆಂದಾಗ ಅಕ್ಕಿ ರೊಟ್ಟಿಗೆ ಮಾಡುವಂತೆ ಹಿಟ್ಟು ಉಕ್ಕರಿಸುತ್ತೇನೆ. ಗೋಧಿಯಲ್ಲಿರುವ ಅಂಟು ಅಕ್ಕಿಯಲ್ಲಾಗಲಿ ರಾಗಿಯಲ್ಲಾಗಲಿ ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ಬಿರಿಯುತ್ತದೆ. ಕುದಿಯುವ ನೀರಿಗೆ ಹಾಕಿ, ಮುಚ್ಚಿ ಬೇಯಿಸಿದರೆ ಪಿಷ್ಟ ನೀರು ಹೀರಿ ಉಬ್ಬಿ ಹಿಟ್ಟು ಹೊಂದಿಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ ಒಂದು ಚಮಚ ಎಣ್ಣೆ ಹಚ್ಚಿ ನಾದಿದರೆ ಸಾಕು. ಆಟದ ಹಿಟ್ಟಿಗೆ ಬಟ್ಟಲುಗಟ್ಟಲೆ ಉಪ್ಪು ಹಾಕುವ ವಿಧಾನಗಳು ಎಲ್ಲೆಡೆ ಇವೆ, ಉಪ್ಪು ಹಾಕಿದರೆ ವಾರಗಟ್ಟಲೆ ಕೆಡುವುದೂ ಇಲ್ಲ. ಆದರೆ ಆ ಹಿಟ್ಟನ್ನು ಪುಟ್ಟ ಮಗು ನುಂಗಿದರೆ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಉಪ್ಪಿಲ್ಲದ ಹಿಟ್ಟನ್ನು ಆ ದಿನವೇ ಮುಗಿಸುತ್ತೇನೆ.

ಆಹಾರದಲ್ಲಿ ಆಟವೇ ಎಂದು ಅತ್ತೆ ಮೊದಲು ಬೇಸರಪಟ್ಟುಕೊಂಡರು. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಅನ್ನವನ್ನು ಚೆಲ್ಲಬಾರದು ಎಂದು ನಾನೂ ಕಲಿತು ಬೆಳೆದವಳು. ಅಂದಿನಿಂದ ಒಂದು ಹಿಡಿಯಷ್ಟೇ ತೆಗೆದುಕೊಳ್ಳುತ್ತೇನೆ. ಉಪ್ಪಿಲ್ಲದ ಕಾರಣ, ಆಡಿ ಉಳಿದದ್ದು ಪಕ್ಕದ ಮನೆಯ ಹಸುವಿನ ಕಲಗಚ್ಚಿಗೆ ಹೋಗುತ್ತದೆ. ಈಗ ಹಿಟ್ಟು ಉಕ್ಕರಿಸಿ ಕೊಡುವವರು ಅತ್ತೆಯೇ.

ಬಣ್ಣಕ್ಕೆ ಬೀಟ್‌ರೂಟ್ ರಸ, ಪಾಲಕ್ ಸೊಪ್ಪು ಬೇಯಿಸಿದ ನೀರು, ಚಿಟಿಕೆ ಅರಿಶಿನ. ಮಗಳಿಗೆ ಮೂರು ವರ್ಷ ತುಂಬಿದ ಮೇಲೆ ಅರಿಶಿನದ ನೀರಿಗೆ ಅಡುಗೆ ಸೋಡಾ ಉದುರಿಸಿ ಕೆಂಪಾಗುವುದನ್ನು ತೋರಿಸಿದೆ. ನಿಂಬೆರಸ ಹಿಂಡಿದರೆ ನೊರೆಯೆದ್ದು ಮತ್ತೆ ಹಳದಿಗೆ ತಿರುಗುತ್ತದೆ. ಆರತಿಗೆ ಕಲಸುವ ಓಕುಳಿ ಕೆಂಪಾಗುವುದೂ ಇದೇ ಕಾರಣಕ್ಕೆ, ಅಲ್ಲಿ ಸೋಡಾದ ಕೆಲಸವನ್ನು ಸುಣ್ಣ ಮಾಡುತ್ತದೆ. ಸುಣ್ಣ ಮಾತ್ರ ಮಕ್ಕಳ ಕೈಗೆ ಸಿಗಬಾರದು. ಅದು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ.

ಜಾರುವ, ಕೈಗೆ ಸಿಕ್ಕೂ ಸಿಗದ ವಸ್ತುವೆಂದರೆ ಮಕ್ಕಳಿಗೆ ವಿಶೇಷ ಪ್ರೀತಿ. ಅದಕ್ಕೆ ಬೇಯಿಸಿ ತಣ್ಣಗಾದ ಸಬ್ಬಕ್ಕಿ ಅಥವಾ ನೆನೆದು ಉಬ್ಬಿದ ಕಾಮಕಸ್ತೂರಿ ಬೀಜ ಇಡುತ್ತೇನೆ. ಬೀಜ ಪೂರ್ತಿ ನೆನೆದಿರಬೇಕು, ಒಣ ಬೀಜ ನುಂಗಿದರೆ ಗಂಟಲಲ್ಲಿ ಉಬ್ಬಬಹುದು. ನೀರಿನಲ್ಲಿ ಹಿಗ್ಗುವ ಬಣ್ಣದ ಪ್ಲಾಸ್ಟಿಕ್ ಮಣಿಗಳು ನಮ್ಮ ಮನೆಯೊಳಗೆ ಬಂದಿಲ್ಲ, ಬರುವುದೂ ಇಲ್ಲ. ನುಂಗಿದ ಮಣಿ ಹೊಟ್ಟೆಯೊಳಗೆ ಹಿಗ್ಗಿ ಕರುಳನ್ನೇ ಕಟ್ಟುತ್ತದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಸಿದ ಮೇಲೆ, 2023ರ ಕೊನೆಗೆ ಅಲ್ಲಿನ ದೊಡ್ಡ ಮಳಿಗೆಗಳು ಮಕ್ಕಳಿಗಾಗಿ ಅವನ್ನು ಮಾರುವುದನ್ನು ನಿಲ್ಲಿಸಿದವು.

ಅವರೆ, ಹುರುಳಿ, ಕಡಲೆಗಳ ತಟ್ಟೆ ಚಿತ್ರದಲ್ಲಿ ಚೆಂದ. ಮೂರು ವರ್ಷದೊಳಗಿನ ಮಗುವಿಗೆ ಅದು ಬೇಡವೇ ಬೇಡ. ಮೂಗಿಗೆ ತುರುಕಿಕೊಂಡ ಕಾಳು ಒಳಗಿನ ತೇವಕ್ಕೆ ಊದಿಕೊಂಡು ಹೊರಗೆ ಬರುವುದಿಲ್ಲ. ಸುರಿಯುವ, ತುಳಿಯುವ ಆಟಕ್ಕೆ ತೆಳು ಅವಲಕ್ಕಿ, ಮಂಡಕ್ಕಿ ಇವೆಯಲ್ಲ! ಬರಿಗಾಲಿನಡಿ ಮಂಡಕ್ಕಿ ಪುಡಿಯಾಗುವ ಸದ್ದಿಗೆ ಮಗಳು ನಗುತ್ತಿದ್ದುದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ.

ವಾಸನೆಯ ಆಟಕ್ಕೆ ಏಲಕ್ಕಿ, ಒಣ ಶುಂಠಿ, ಕೊತ್ತಂಬರಿ ಬೀಜಗಳನ್ನು ಬೇರೆ ಬೇರೆ ಬಟ್ಟೆಯಲ್ಲಿಟ್ಟು, ಎಳೆದರೂ ಬಿಚ್ಚದಂತೆ ಬಿಗಿಯಾಗಿ ಹೊಲಿದಿದ್ದೇನೆ. ಕರ್ಪೂರ ಸೇರಿಸಬೇಡಿ. ಸ್ವಲ್ಪ ನುಂಗಿದರೂ ಮಗುವಿಗೆ ಫಿಟ್ಸ್ ಬರಬಹುದು.

ನೀರಿನ ಆಟಕ್ಕೆ ತಂಬಿಗೆ, ಸೌಟು, ಸ್ಪಂಜು, ಅಗಲ ಪಾತ್ರೆಯಲ್ಲಿ ಎರಡು ಬೆರಳಿನಷ್ಟು ನೀರು. ಮುಗಿದ ತಕ್ಷಣ ಚೆಲ್ಲಿ ಪಾತ್ರೆ ಬೋರಲು ಹಾಕುತ್ತೇನೆ. ಅಷ್ಟು ನೀರಿನಲ್ಲೂ ಮಗು ಮುಳುಗಬಹುದು. ಬಾಗಿಲು ಬಡಿದರೂ ಫೋನ್ ಬಂದರೂ ನಾನು ಏಳುವುದಿಲ್ಲ, ಎದ್ದರೆ ಮಗುವನ್ನು ಎತ್ತಿಕೊಂಡೇ ಏಳುತ್ತೇನೆ.

ಎಲ್ಲ ಮಕ್ಕಳೂ ಕೆಸರಿಗೆ ಕೈಹಾಕುವುದಿಲ್ಲ. ನನ್ನ ತಂಗಿಯ ಮಗ ಒದ್ದೆ ಹಿಟ್ಟು ಕಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಅಂಥ ಮಗುವಿನ ಕೈಹಿಡಿದು ಅದ್ದಿಸಬಾರದು. ಅವನಿಗೆ ಚಮಚ ಕೊಟ್ಟೆ. ಹಿಟ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿನಿಂದ ಒತ್ತಲು ಬಿಟ್ಟೆ. ಈಗ ಒಂದು ಬೆರಳ ತುದಿ ತಾಗಿಸಿ, ಒರೆಸಲು ಬಟ್ಟೆ ಕೇಳುತ್ತಾನೆ. ಬಟ್ಟೆ ಪಕ್ಕದಲ್ಲೇ ಇಟ್ಟಿರುತ್ತೇನೆ. ಆಟದಲ್ಲಷ್ಟೇ ಅಲ್ಲ, ಊಟ, ಸ್ನಾನ, ಉಡುಪಿನಲ್ಲೂ ಮಗು ಹೀಗೆ ಸಂಕಟಪಡುತ್ತಿದ್ದರೆ ಮಕ್ಕಳ ವೈದ್ಯರ ಬಳಿ ಒಮ್ಮೆ ಮಾತನಾಡುವುದು ಒಳ್ಳೆಯದು.