ಅಮೆರಿಕಕ್ಕೆ ಹೇರ್ ಡ್ರೈಯರ್ ಒಯ್ಯುವ ಮುಂಚೆ ಲೇಬಲ್ ನೋಡಿ

ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಅಮೆರಿಕಕ್ಕೆ ಹೊರಟವರು ದಯವಿಟ್ಟು ಗಮನಿಸಿ. ಅಡಾಪ್ಟರ್ ಇದ್ದರೆ ಸಾಕು, ಇಲ್ಲಿನ ಹೇರ್ ಡ್ರೈಯರ್ ಅಲ್ಲೂ ನಡೆಯುತ್ತೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಡಾಪ್ಟರ್ ಬದಲಾಯಿಸುವುದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ.

ನಮ್ಮಲ್ಲಿ 230 ವೋಲ್ಟ್, ಅಲ್ಲಿ 120. ವೋಲ್ಟೇಜ್ ಅರ್ಧವಾದರೆ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. 1200 ವ್ಯಾಟಿನ ಡ್ರೈಯರ್ ಅಲ್ಲಿ ಸುಮಾರು 325 ವ್ಯಾಟಿನದಾಗುತ್ತದೆ. ಬರುವುದು ಉಗುರುಬೆಚ್ಚಗಿನ ಗಾಳಿ, ಉದ್ದ ಕೂದಲು ಒಣಗುವುದು ಕಷ್ಟ. ನಿಜವಾದ ಅಪಾಯ ಇರುವುದು ಉಲ್ಟಾ ಮಾಡಿದಾಗ. ಅಲ್ಲಿ ಕೊಂಡ 120 ವೋಲ್ಟಿನ ಡ್ರೈಯರನ್ನು ಇಲ್ಲಿ ಹಾಕಿದರೆ ಬಿಸಿ ಹೆಚ್ಚುಕಡಿಮೆ ನಾಲ್ಕು ಪಟ್ಟು. ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು. ಅಂಥದ್ದನ್ನು ಉಡುಗೊರೆ ಅಂತ ತರಲೇಬೇಡಿ.

ಫೋನ್ ಚಾರ್ಜರ್ ಮೇಲೆ ಸಾಮಾನ್ಯವಾಗಿ 100-240 ವೋಲ್ಟ್ ಅಂತ ಇರುತ್ತದೆ, ಅದಕ್ಕೆ ಅಡಾಪ್ಟರ್ ಸಾಕು. ಡ್ರೈಯರ್ ಮೇಲೆ 220-240 ಅಂತಷ್ಟೇ ಇದ್ದರೆ ಮನೆಯಲ್ಲೇ ಬಿಡಿ. ಸುಮ್ನೆ ಭಾರ ಅಲ್ವಾ? ಬೇಕೇಬೇಕು ಅನ್ನುವವರಿಗೆ ಎರಡೂ ಕಡೆಯ ವೋಲ್ಟೇಜಿಗೆ ನಡೆಯುವ ಡ್ಯುಯಲ್ ವೋಲ್ಟೇಜ್ ಟ್ರಾವೆಲ್ ಡ್ರೈಯರ್ ಸಿಗುತ್ತವೆ. ಅದರಲ್ಲಿ ವೋಲ್ಟೇಜ್ ಸ್ವಿಚ್ ಇದ್ದರೆ ಅಲ್ಲಿ 125ಕ್ಕೆ ಇಡಿ. ಊರಿಗೆ ಬಂದ ಮೇಲೆ ಪ್ಲಗ್ ಹಾಕುವ ಮುಂಚೆಯೇ 250ಕ್ಕೆ ತಿರುಗಿಸಿ.

ಲಂಡನ್, ದುಬೈ, ಸಿಂಗಪುರದಲ್ಲಿ ಈ ತೊಂದರೆ ಇಲ್ಲ, ಅಲ್ಲೂ 230 ವೋಲ್ಟೇ. ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್ ಬೇಕು, ಅದು ಡ್ರೈಯರಿನಷ್ಟು ವ್ಯಾಟ್ ತಡೆಯುತ್ತದಾ ಅಂತ ನೋಡಿ ಕೊಳ್ಳಿ. ಬ್ರಿಟನ್ನಿನ ಬಾತ್‌ರೂಮುಗಳಲ್ಲಿ ಎಲೆಕ್ಟ್ರಿಕ್ ಶೇವರಿಗೆಂದೇ ಇರುವ ಶೇವರ್ ಸಾಕೆಟ್‌ಗೆ ಮಾತ್ರ ಡ್ರೈಯರ್ ಹಾಕಬೇಡಿ.